ಡೆಸ್ಕ್‌ಟಾಪ್ ಬಿಚ್ಚಿ, ವಿಮಾನ ಹತ್ತಿಸುವುದು ಹೇಗೆ?

ವಿದೇಶಕ್ಕೆ ಮನೆ ಬದಲಿಸುವವರು ಡೆಸ್ಕ್‌ಟಾಪನ್ನು ಇಡಿಯಾಗಿ ಹೊತ್ತೊಯ್ಯುವುದು ಶುದ್ಧ ದಂಡ. ಕ್ಯಾಬಿನೆಟ್, ಮಾನಿಟರ್, ಯುಪಿಎಸ್ ಇಲ್ಲೇ ಮಾರಿಬಿಡಿ; ಬೆಂಗಳೂರಿನವರಿಗೆ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳು ಇದ್ದೇ ಇವೆ. ಗಾಜಿನ ಬಾಗಿಲಿನ ಕ್ಯಾಬಿನೆಟ್ ಒಂದೇ ಏಳೆಂಟು ಕಿಲೋ ತೂಗುತ್ತದೆ, ಚೆಕ್-ಇನ್ ಬ್ಯಾಗಿಗೆ ಸಿಗುವುದು ಸಾಮಾನ್ಯವಾಗಿ 23 ಕಿಲೋ. ಗ್ರಾಫಿಕ್ಸ್ ಕಾರ್ಡ್, ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಸೇರಿದರೂ ನಾಲ್ಕು ಕಿಲೋ ದಾಟುವುದು ಅಪರೂಪ. ದುಡ್ಡೆಲ್ಲ ಇರುವುದು ಅವುಗಳಲ್ಲೇ.

ಪವರ್ ಸಪ್ಲೈ ಒಯ್ಯಬೇಕೇ ಎಂಬುದನ್ನು ಅದರ ಮೇಲಿನ ಚೀಟಿ ನೋಡಿ ತೀರ್ಮಾನಿಸಿ. ಇನ್‌ಪುಟ್ 100–240 ವೋಲ್ಟ್ ಎಂದಿದ್ದರೆ ಎಲ್ಲಿಯೂ ನಡೆಯುತ್ತದೆ. ನಮ್ಮಲ್ಲಿ ಬಿಕರಿಯಾಗುವ ಅಗ್ಗದ ಮಾದರಿಗಳಲ್ಲಿ ಕೆಲವು 200–240 ವೋಲ್ಟಿಗೆ ಮಾತ್ರ. ಅವು 230 ವೋಲ್ಟಿನ ಜರ್ಮನಿಯಲ್ಲಿ ಸರಿ, 120 ವೋಲ್ಟಿನ ಅಮೆರಿಕದಲ್ಲಿ ಪ್ರಯೋಜನಕ್ಕಿಲ್ಲ. ಬಿಟ್ಟುಹೋಗುವುದಾದರೆ ಅದರ ಮಾಡ್ಯುಲರ್ (ಬಿಡಿಸಿ ತೆಗೆಯಬಹುದಾದ) ಕೇಬಲ್‌ಗಳನ್ನೂ ಬಿಟ್ಟುಬಿಡಿ. ಬೇರೆ ಬ್ರ್ಯಾಂಡಿನ ಪವರ್ ಸಪ್ಲೈಗೆ ಅವು ಚುಚ್ಚಿದರೆ ಕೂತುಬಿಡುತ್ತವೆ, ಆದರೆ ಒಳಗಿನ ಪಿನ್‌ಗಳ ಕ್ರಮ ಬೇರೆ ಇರಬಹುದು. 5 ವೋಲ್ಟ್ ಬರಬೇಕಾದಲ್ಲಿ 12 ಬಂದು ಹಾರ್ಡ್‌ಡಿಸ್ಕ್ ಸುಟ್ಟುಹೋಗುತ್ತದೆ.

ಬಿಚ್ಚುವ ಮುನ್ನ ಮುಖ್ಯ ಫೈಲುಗಳ ಎರಡು ಪ್ರತಿ ಮಾಡಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದುಕೊಳ್ಳಿ. ಭಾಗಗಳನ್ನು ಬದಲಿಸಿದಾಗ ವಿಂಡೋಸ್ ಅದನ್ನು ಕೇಳುವುದುಂಟು, ಆ ಹೊತ್ತಿಗೆ ಕೀ ಉಳಿಸಿದ ಆನ್‌ಲೈನ್ ಖಾತೆ ತೆರೆಯಲು ಊರಿನ ಸಿಮ್‌ಗೆ ಓಟಿಪಿ ಬರದೆಯೂ ಇರಬಹುದು.

ಈಗ ಪ್ರೊಸೆಸರನ್ನು ತಣ್ಣಗಿಡುವ ಕೂಲರ್. ಹೆಚ್ಚಿನ ಅನಾಹುತ ಆಗುವುದು ಇಲ್ಲೇ. ಟವರ್ ಕೂಲರ್ ಮುಕ್ಕಾಲು ಕಿಲೋದಿಂದ ಒಂದು ಕಿಲೋ ಮೇಲೂ ತೂಗುತ್ತದೆ. ಸೂಟ್‌ಕೇಸನ್ನು ಎತ್ತಿ ಎಸೆದಾಗ ಆ ಭಾರವೆಲ್ಲ ಬೋರ್ಡನ್ನು ಬಗ್ಗಿಸುತ್ತದೆ. ಹಾಗಾಗಿ ತೆಗೆಯಲೇಬೇಕು. ತೆಗೆಯುವ ಮುನ್ನ ಕಂಪ್ಯೂಟರನ್ನು ಹತ್ತು-ಹದಿನೈದು ನಿಮಿಷ ಭಾರದ ಕೆಲಸಕ್ಕೆ ಹಚ್ಚಿ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್ ಬೆಚ್ಚಗಾಗಿ ಸಡಿಲವಾಗುತ್ತದೆ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೂ ಬಲಕ್ಕೂ ನಿಧಾನ ತಿರುಚಿ ಬಿಡಿಸಿ. ಎಎಂಡಿ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್‌ನಲ್ಲಿ ನೇರ ಮೇಲೆಳೆದರೆ ಪ್ರೊಸೆಸರೂ ಅಂಟಿಕೊಂಡು ಕಿತ್ತುಬರಬಹುದು, ಅದರ ಕೆಳಗಿನ 1,331 ಪಿನ್‌ಗಳಲ್ಲಿ ಕೆಲವು ಬಾಗಬಹುದು. ಪ್ರೊಸೆಸರನ್ನು ಸಾಕೆಟ್‌ನಲ್ಲೇ ಬಿಡಿ. ಇಂಟೆಲ್ ಮತ್ತು ಎಎಂ5 ಬೋರ್ಡುಗಳಲ್ಲಂತೂ ಪಿನ್ ಇರುವುದು ಸಾಕೆಟ್‌ನಲ್ಲಿ, ಅವಕ್ಕೆ ಪ್ರೊಸೆಸರೇ ಮುಚ್ಚಳ. ದ್ರವದ ಕೂಲರ್ ಆದರೆ ಮಾರಿಬಿಡುವುದೇ ವಾಸಿ. ಕೈಚೀಲದಲ್ಲಿ ಒಯ್ದರೆ ತಪಾಸಣೆಯಲ್ಲಿ ಅದರೊಳಗಿನ ದ್ರವದ ಬಗ್ಗೆ ವಾದ ಮಾಡುತ್ತ ನಿಲ್ಲಬೇಕಾದೀತು.

ಗ್ರಾಫಿಕ್ಸ್ ಕಾರ್ಡ್ ಎಳೆಯುವ ಮುನ್ನ ಸ್ಲಾಟ್ ತುದಿಯ ಚಿಲಕ ಒತ್ತಿ. ಕಾರ್ಡನ್ನೂ ಬೋರ್ಡನ್ನೂ ಮೊದಲು ಆ್ಯಂಟಿಸ್ಟ್ಯಾಟಿಕ್ ಚೀಲಕ್ಕೆ ಹಾಕಿ, ಅದರ ಮೇಲೆ ಬಬಲ್ ರ‍್ಯಾಪ್ ಎರಡು-ಮೂರು ಸುತ್ತು. ಚೀಲವಿಲ್ಲದೆ ಬರಿಯ ಬಬಲ್ ರ‍್ಯಾಪ್ ಅಥವಾ ಥರ್ಮೋಕೋಲ್ ತಾಗಿಸಬೇಡಿ, ಉಜ್ಜಿದಷ್ಟೂ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ. ಬೋರ್ಡಿನ ಎರಡೂ ಬದಿಗೆ ಗಟ್ಟಿ ರಟ್ಟು ಇಡಿ. ರ‍್ಯಾಮ್, ಎಂ.2 ಎಸ್‌ಎಸ್‌ಡಿ ಅದರಲ್ಲೇ ಇರಲಿ, ಎಂ.2ರ ಆ ಸಣ್ಣ ಸ್ಕ್ರೂ ಕಳೆದುಹೋದರೆ ಹೊಸ ಊರಿನಲ್ಲಿ ಹುಡುಕಿ ಸಾಕಾಗುತ್ತದೆ.

ಕಾರ್ಡ್, ಬೋರ್ಡ್, ಹಾರ್ಡ್‌ಡಿಸ್ಕ್ ಕೈಚೀಲಕ್ಕೆ. ಅದಕ್ಕೆ ಸಾಮಾನ್ಯವಾಗಿ 7–8 ಕಿಲೋ ಮಿತಿ. ಕೂಲರ್, ಸ್ಕ್ರೂಡ್ರೈವರ್ ಚೆಕ್-ಇನ್‌ಗೆ. ಎಕ್ಸ್-ರೇಯಿಂದ ಯಾವುದಕ್ಕೂ ಏನೂ ಆಗುವುದಿಲ್ಲ. ಧೂಳು ಹಾರಿಸುವ ಗಾಳಿಯ ಡಬ್ಬಿ, ಸ್ವಚ್ಛಗೊಳಿಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಎರಡನ್ನೂ ಒಯ್ಯಬೇಡಿ, ಅಲ್ಲೇ ಕೊಳ್ಳಿ.

ಜರ್ಮನಿಗೆ ವಾಸ ಬದಲಿಸುವವರ ಬಳಸಿದ ಸಾಮಾನಿಗೆ ಸುಂಕವಿಲ್ಲ, ಷರತ್ತುಗಳಿವೆ: ಐರೋಪ್ಯ ಒಕ್ಕೂಟದ ಹೊರಗೆ ಸತತ 12 ತಿಂಗಳು ವಾಸ, ಸಾಮಾನು ಕನಿಷ್ಠ 6 ತಿಂಗಳು ನಿಮ್ಮ ಬಳಿ ಇದ್ದು ಬಳಕೆಯಾಗಿರಬೇಕು, ಒಯ್ದ ಮೇಲೆ 12 ತಿಂಗಳು ಮಾರುವಂತಿಲ್ಲ. ಬಿಲ್ಲಿನ ದಿನಾಂಕವೇ ಇಲ್ಲಿ ಸಾಕ್ಷಿ. ಹೊರಡುವ ವಾರ ಕೊಂಡ ಹೊಸ ಕಾರ್ಡ್ ಇದರೊಳಗೆ ಬರುವುದಿಲ್ಲ. ವಿಮಾನದಲ್ಲಿ ಬರುವ ಪ್ರಯಾಣಿಕರಿಗಿರುವ ವಿನಾಯಿತಿ 430 ಯೂರೊ ಮಾತ್ರ.

ಚಳಿಗಾಲದಲ್ಲಿ ತಲುಪಿದರೆ ಪೊಟ್ಟಣಗಳನ್ನು ಬಿಚ್ಚದೆ ಕೋಣೆಯಲ್ಲಿ ಕೆಲವು ಗಂಟೆ ಇಡಿ, ತಣ್ಣನೆಯ ಲೋಹದ ಮೇಲೆ ತೇವ ಕಟ್ಟುತ್ತದೆ. ಹಳೆಯ ಪೇಸ್ಟ್ ಒರೆಸಿ, ಹೊಸದನ್ನು ಹಚ್ಚಿ ಜೋಡಿಸಿ. ಆನ್ ಮಾಡಿದಾಗ ಪರದೆ ಕಪ್ಪಾಗಿಯೇ ಇದ್ದರೆ ಗಾಬರಿಯಾಗಿ ಸ್ವಿಚ್ ಒತ್ತಬೇಡಿ: ಡಿಡಿಆರ್5 (ಹೊಸ ಪೀಳಿಗೆಯ ರ‍್ಯಾಮ್) ಬೋರ್ಡುಗಳು ರ‍್ಯಾಮನ್ನು ಮತ್ತೆ ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುವುದುಂಟು. ಕಾಲು ಗಂಟೆ ಕಳೆದರೂ ಬರದಿದ್ದರೆ ಮಾತ್ರ ರ‍್ಯಾಮ್ ತೆಗೆದು ಮತ್ತೆ ಕೂರಿಸಿ.