ಚೌತಿ ಊಟದಲ್ಲಿ ಹೀಗೂ ಮಾಡಿ ನೋಡಿ

ನಮ್ಮ ಶಿರಸಿ ಕಡೆ ಹಬ್ಬದ ಪಂಕ್ತಿಯಲ್ಲಿ ಗ್ರಂಥ, ಅಂದರೆ ಶ್ಲೋಕ, ಹೇಳುವ ರೂಢಿ ನಿಮಗೆ ಗೊತ್ತೇ ಇದೆ. ಈ ಚೌತಿಗೆ ಅದರ ಬೆನ್ನಿಗೇ ಇನ್ನೊಂದು ಸೇರಿಸಿ. ಪಾಯಸ ಬಡಿಸುವ ಹೊತ್ತಿಗೆ ಒಬ್ಬೊಬ್ಬರೂ ಬಾಳೆಲೆಯ ಮೇಲಿರುವ ಒಂದು ಪದಾರ್ಥ ಹೆಸರಿಸಿ, ಅದು ಯಾರ ಕೈಯಿಂದ ಬಂತು ಅಂತ ಹೇಳಲಿ. ಬರೀ 'ಊಟ ಚೊಲೋ ಆತು' ಅಂದರೆ ಸಾಲದು. ಹೋದ ವರ್ಷ ನನ್ನ ಮಗಳು, 'ಚಕ್ಕುಲಿ ಸುತ್ತಿ ಸುತ್ತಿ ಅತ್ತೆಯ ಬೆರಳು ಕೆಂಪಾಗಿತ್ತು' ಅಂದಳು. ಅತ್ತೆ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು, ಕಣ್ಣು ತುಂಬಿತ್ತು. ಬಾಳೆ ಕೊಯ್ದು ತಂದವರು, ಉಪ್ಪಿನಕಾಯಿಯ ಅಪ್ಪೆಮಿಡಿಗೆ ಮರ ಹತ್ತಿದವರು, ಯಾರನ್ನೂ ಬಿಡಬೇಡಿ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಕಡೇ ಪಂಕ್ತಿ. ಅಡುಗೆ ಮಾಡಿದವರು ಕೂತಾಗ ಎದ್ದು ಹೋಗಬೇಡಿ. ಬಿಸಿ ಅನ್ನ, ತಂಬುಳಿ ನೀವೇ ಬಡಿಸಿ. ಅವರು ಕೈ ತೊಳೆಯುವ ತನಕ ಹತ್ತಿರವೇ ಇರಿ.