ಮೈಸೂರಲ್ಲಿ ಕೂತು ಪೋರ್ಟೊ ರಿಕೊದ ಮನೆಗಳನ್ನು ಮ್ಯಾಪಿಗೆ ಸೇರಿಸಿದ್ದು

2017ರ ಸೆಪ್ಟೆಂಬರ್ 20ರ ಬೆಳಗ್ಗೆ ಮರಿಯಾ ಚಂಡಮಾರುತ, ಅಮೆರಿಕದ ಆಡಳಿತದಲ್ಲಿರುವ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದ ಯಾಬುಕೋವಾ ಊರಿನ ಹತ್ತಿರ ದಡಕ್ಕೆ ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ ಸುಮಾರು 250 ಕಿಲೋಮೀಟರ್. ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಇರುವ ದ್ವೀಪದಲ್ಲಿ ಒಂದೇ ಏಟಿಗೆ ಕರೆಂಟ್ ಪೂರ್ತಿ ಹೋಯಿತು. ಮೊಬೈಲ್ ಟವರ್‌ಗಳೂ ಹೆಚ್ಚುಕಮ್ಮಿ ಎಲ್ಲ ನಿಂತವು.

ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಆಫೀಸಿನಲ್ಲಿ ಒಬ್ಬರು ಪೋರ್ಟೊ ರಿಕೊದವರು. ಅವರ ಅಮ್ಮ ಉಟುವಾಡೊ ಊರಿನ ಮೇಲಿನ ಬೆಟ್ಟದಲ್ಲಿ ಒಬ್ಬರೇ ಇದ್ದರು. ಫೋನ್ ಸಿಗುತ್ತಿರಲಿಲ್ಲ, ಹೋಗಿ ನೋಡೋಣ ಅಂದರೆ ವಿಮಾನವಿಲ್ಲ. ಅಕ್ಕ ನನಗೆ ಫೋನ್ ಮಾಡಿ, "ನೀನು ಮ್ಯಾಪ್ ಕೆಲಸ ಮಾಡ್ತೀಯಲ್ಲ, ಅಲ್ಲಿಂದ ಏನಾದ್ರೂ ಆಗುತ್ತಾ ನೋಡು" ಅಂದಳು.

ಆಗುತ್ತಿತ್ತು. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಒಂದು ಮ್ಯಾಪ್ ಇದೆ. ಯಾರು ಬೇಕಾದರೂ ಅದಕ್ಕೆ ರಸ್ತೆ, ಮನೆ, ಸೇತುವೆ ಸೇರಿಸಬಹುದು. ಎಲ್ಲಾದರೂ ದೊಡ್ಡ ಅನಾಹುತ ಆದಾಗ ಹ್ಯುಮ್ಯಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ಟೀಮ್‌ನವರು ಆ ಜಾಗವನ್ನು ಸಣ್ಣ ಸಣ್ಣ ಚೌಕಗಳಾಗಿ ಹಂಚುತ್ತಾರೆ. ನಾವು ಒಂದು ಚೌಕ ತೆಗೆದುಕೊಂಡು, ಉಪಗ್ರಹ ಚಿತ್ರ ನೋಡಿ ಅದರೊಳಗಿನ ಮನೆಗಳನ್ನೆಲ್ಲ ಬರೆದು ಮುಗಿಸಬೇಕು. ಆಮೇಲೆ ಅನುಭವ ಇರುವ ಇನ್ನೊಬ್ಬರು ಅದನ್ನು ಪರೀಕ್ಷೆ ಮಾಡುತ್ತಾರೆ.

ಮನೆಗಳನ್ನು ಬರೆದರೆ ಯಾರಿಗೇನು ಲಾಭ ಅಂತ ಕೇಳುವವರಿದ್ದಾರೆ. ಆ ಬೆಟ್ಟದ ಊರುಗಳಲ್ಲಿ ವಿಳಾಸ ಅಂದರೆ ಎಷ್ಟೋ ಕಡೆ ರಸ್ತೆಯ ನಂಬರ್ ಮತ್ತು ಕಿಲೋಮೀಟರ್ ಮಾತ್ರ. ಸ್ಥಳೀಯರಿಗೆ ಅಷ್ಟು ಸಾಕು. ಹೊರಗಿನಿಂದ ನೀರು, ಔಷಧ ತರುವವರಿಗೆ ಸಾಲದು. ಈ ಕವಲುದಾರಿಯಲ್ಲಿ ಮೇಲೆ ಹತ್ತಿದರೆ ಮೂರು ಮನೆ ಇದೆಯೋ ಮೂವತ್ತು ಇದೆಯೋ ಅಂತ ಗೊತ್ತಾಗುವುದೇ ಮ್ಯಾಪಿನಲ್ಲಿ ಮನೆಗಳಿದ್ದಾಗ.

ಕೆಲಸ ಮಾಡಿದ ರೀತಿ ಹೇಳುತ್ತೇನೆ. ಮೊದಲು ಚಿತ್ರ ಸರಿಯಾದ ಜಾಗದಲ್ಲಿ ಕೂತಿದೆಯಾ ನೋಡುತ್ತಿದ್ದೆ. ಬೆಟ್ಟದ ಕಡೆ ಉಪಗ್ರಹ ಚಿತ್ರ ಕೆಲವು ಮೀಟರ್ ಜರುಗಿರುತ್ತದೆ. ಹಾಗೇ ಬರೆದರೆ ಮನೆ ಹೋಗಿ ಹಳ್ಳದಲ್ಲಿ ಬೀಳುತ್ತದೆ. ಜನ ಓಡಾಡಿದ ಜಿಪಿಎಸ್ ಗೆರೆಗಳ ಜೊತೆ ತಾಳೆ ಮಾಡಿ ಚಿತ್ರವನ್ನು ಸರಿಸಿಕೊಂಡ ಮೇಲೆಯೇ ಶುರು ಮಾಡುತ್ತಿದ್ದೆ. ಮನೆ ಬರೆಯಲು ಜಾಸ್ತಿ ಚಂಡಮಾರುತಕ್ಕೆ ಮುಂಚಿನ ಚಿತ್ರಗಳನ್ನೇ ಬಳಸಿದೆ. ಮೊದಲು ಏನಿತ್ತು ಅಂತ ಗೊತ್ತಿದ್ದರೆ ತಾನೇ ಏನು ಹೋಯಿತು ಅಂತ ಹೇಳಲು ಸಾಧ್ಯ?

ಸೂರು ನೋಡುವುದಕ್ಕೆ ಕಣ್ಣು ಪಳಗಬೇಕು. ಬಯಲಿನ ಬಡಾವಣೆಗಳಲ್ಲಿ ಸಾಲಾಗಿ ಬಿಳಿ ಕಾಂಕ್ರೀಟ್ ತಾರಸಿಗಳು. ಅವು ಸುಲಭ. ಬೆಟ್ಟದಲ್ಲಿ ಸತುವಿನ ಶೀಟಿನ ಮನೆಗಳು, ಮರದ ನೆರಳಲ್ಲಿ ಅರ್ಧ ಮುಚ್ಚಿರುತ್ತವೆ. ಇಂಥ ಕಡೆ ಚಂಡಮಾರುತದ ನಂತರದ ಚಿತ್ರಗಳು ನೆರವಿಗೆ ಬಂದವು. ಗಾಳಿ ಕಾಡಿನ ಎಲೆಗಳನ್ನೆಲ್ಲ ಕಿತ್ತುಹಾಕಿ, ಹಸಿರು ಬೆಟ್ಟಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ಮೊದಲು ಕಾಣದಿದ್ದ ಮನೆಗಳು ಈಗ ಕಾಣುತ್ತಿದ್ದವು, ಕೆಲವು ಬರೀ ಗೋಡೆಗಳಾಗಿ. ಅದನ್ನು ನೋಡುತ್ತಾ ಗೆರೆ ಎಳೆಯುವುದು ಕಷ್ಟವಾಗುತ್ತಿತ್ತು. ಎದ್ದು ಒಂದು ಸುತ್ತು ಓಡಾಡಿ ಬಂದು ಮತ್ತೆ ಕೂರುತ್ತಿದ್ದೆ.

ಒಂದು ನಿಯಮವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ರಸ್ತೆ ತೆರೆದಿದೆಯಾ, ಸೇತುವೆ ಉಳಿದಿದೆಯಾ ಅಂತ ಊಹಿಸಿ ಬರೆಯಬಾರದು. ಅದನ್ನು ಅಲ್ಲಿರುವವರೇ ಹೇಳಬೇಕು. ಉಟುವಾಡೊದ ರಿಯೊ ಅಬಾಹೊದಲ್ಲಿ ಸೇತುವೆ ಕೊಚ್ಚಿಹೋಗಿ ಜನ ಆಚೆ ದಡದಲ್ಲೇ ಉಳಿದರು. ಹೊಳೆಗೆ ಅಡ್ಡಲಾಗಿ ತಂತಿ ಕಟ್ಟಿ, ಅದಕ್ಕೆ ಅಂಗಡಿಯ ಸಾಮಾನು ಗಾಡಿ ತೂಗುಹಾಕಿ, ಅದರಲ್ಲೇ ಊಟ ನೀರು ಎಳೆದುಕೊಂಡರು. ಅಂಥ ಕಡೆ ನಾನು ಮೈಸೂರಿನಿಂದ ತಪ್ಪು ರಸ್ತೆ ತೋರಿಸಿದರೆ ಒಂದು ಲಾರಿ ಲೋಡ್ ನೀರು ದಾರಿ ಮಧ್ಯೆ ನಿಂತುಹೋಗುತ್ತದೆ.

ಅಕ್ಕನ ಕಡೆ ಬೇರೆ ಚರ್ಚೆ ನಡೆದಿತ್ತು. ಅವಳ ಪರಿಚಯದ ಕನ್ನಡದವರು ಕಂಬಳಿ, ಬಟ್ಟೆ ಸೇರಿಸಲು ಹೊರಟಿದ್ದರು. ಬಂದರಿನಿಂದ ಬೆಟ್ಟಕ್ಕೆ ಸಾಗಿಸುವವರು ಯಾರು ಅಂತ ಅಕ್ಕ ಕೇಳಿದಳು. ಕೊನೆಗೆ ಎಲ್ಲರೂ ಸೇರಿ ಅಡ್‌ಹುಂಟಾಸ್ ಊರಿನ ಕಾಸಾ ಪ್ವೆಬ್ಲೊ ಸಂಸ್ಥೆಗೆ ದುಡ್ಡು ಕಳಿಸಿದರು. ಗಣಿಗಾರಿಕೆ ತಡೆಯಲು 1980ರಲ್ಲಿ ಸ್ಥಳೀಯರೇ ಕಟ್ಟಿದ ಸಂಸ್ಥೆ ಅದು. ಅವರ ಕಟ್ಟಡಕ್ಕೆ ಸೋಲಾರ್ ಇತ್ತು. ಊರೆಲ್ಲ ಕತ್ತಲಾದಾಗ ಜನ ಉಸಿರಾಟದ ಯಂತ್ರ ನಡೆಸಲು, ಫೋನ್ ಚಾರ್ಜ್ ಮಾಡಲು ಅಲ್ಲಿಗೇ ಬಂದರು. ಅವರು ಮನೆಮನೆಗೆ ಸೋಲಾರ್ ದೀಪವನ್ನೂ ಹಂಚಿದರು. ದೂರದಿಂದ ದುಡ್ಡು ಕೊಡುವುದಾದರೆ ಮುಂಚಿನಿಂದ ಅಲ್ಲೇ ಬೇರು ಬಿಟ್ಟಿರುವ ಇಂಥವರಿಗೇ ಕೊಡಬೇಕು ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಅಕ್ಕನ ಸಹೋದ್ಯೋಗಿಯ ಅಮ್ಮ ಬದುಕಿದ್ದರು. ಪಕ್ಕದ ಮನೆಯವರು ಸಿಗ್ನಲ್ ಸಿಗುವ ದಿಣ್ಣೆ ಹತ್ತಿ ಫೋನ್ ಮಾಡಿ ತಿಳಿಸಿದರು.

ಎಷ್ಟೋ ಮನೆಗಳಲ್ಲಿ ಹಾಗಾಗಲಿಲ್ಲ. ಬಹಳ ತಿಂಗಳು ಸರ್ಕಾರಿ ಲೆಕ್ಕ 64 ಸಾವು ಅಂತಲೇ ಇತ್ತು. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನ ಬಂದ ಮೇಲೆ, 2018ರ ಆಗಸ್ಟ್‌ನಲ್ಲಿ, ಅದು 2,975 ಆಯಿತು. ಚಂಡಮಾರುತದ ನಂತರದ ತಿಂಗಳುಗಳಲ್ಲಿ ಕರೆಂಟ್ ಇಲ್ಲದೆ, ಔಷಧ ಸಿಗದೆ ಹೋದ ಜೀವಗಳೂ ಅದರಲ್ಲಿ ಸೇರಿವೆ. ಕರೆಂಟ್ ಪೂರ್ತಿ ವಾಪಸ್ ಬರಲು ಸುಮಾರು 11 ತಿಂಗಳು ಹಿಡಿಯಿತು. ಆದರೆ ಟಿವಿಯಲ್ಲಿ ಸುದ್ದಿ ನಿಂತ ಕೂಡಲೇ ಮ್ಯಾಪ್ ಮಾಡುವವರೂ ಕಡಿಮೆಯಾಗಿದ್ದರು. ಅದು ನನಗೆ ತುಂಬಾ ನೋವು ಕೊಟ್ಟ ವಿಷಯ. ಹಾಗಾಗಿ ನಾನು ಬಿಡಲಿಲ್ಲ. ನಮ್ಮ ಗಡಿಯಾರಕ್ಕಿಂತ ಪೋರ್ಟೊ ರಿಕೊದ್ದು ಒಂಬತ್ತೂವರೆ ಗಂಟೆ ಹಿಂದೆ. ನಾನು ರಾತ್ರಿ ಊಟ ಮುಗಿಸಿ ಕೂತರೆ ಅಲ್ಲಿ ಮಧ್ಯಾಹ್ನ ಆಗುತ್ತಾ ಬಂದಿರುತ್ತಿತ್ತು. ಪರೀಕ್ಷೆ ಮಾಡುವವರ ಜೊತೆ ಆಗಲೇ ಮಾತಾಡಬಹುದಿತ್ತು.

2022ರ ಸೆಪ್ಟೆಂಬರ್‌ನಲ್ಲಿ ಫಿಯೋನಾ ಚಂಡಮಾರುತ ಬಂದು ದ್ವೀಪಕ್ಕೆ ಮತ್ತೆ ಕತ್ತಲೆ ಕವಿಯಿತು. ಮರಿಯಾ ನಂತರ ಉಟುವಾಡೊದಲ್ಲಿ ಹಾಕಿದ್ದ ತಾತ್ಕಾಲಿಕ ಲೋಹದ ಸೇತುವೆ ಕೊಚ್ಚಿಹೋಗುವ ವಿಡಿಯೋ ನೀವೂ ನೋಡಿರಬಹುದು. ಆದರೆ ಆ ಸಲ ನನ್ನ ಚೌಕಗಳಲ್ಲಿ ಮನೆಗಳು ಮ್ಯಾಪಿನಲ್ಲಿ ಮೊದಲೇ ಇದ್ದವು. ಹೊಸದಾಗಿ ಕಟ್ಟಿದವನ್ನು ಸೇರಿಸುವುದಷ್ಟೇ ಉಳಿದಿತ್ತು.

ಅಟ್ಲಾಂಟಿಕ್ ಕಡೆ ಚಂಡಮಾರುತದ ಕಾಲ ಜೂನ್ 1ಕ್ಕೆ ಶುರುವಾಗಿ ನವೆಂಬರ್ 30ರವರೆಗೆ ಇರುತ್ತದೆ. ಅದಕ್ಕೇ ನಾನು ಈಗ ಬೇಸಿಗೆಯಲ್ಲೇ ಕೂರುತ್ತೇನೆ. ಸದ್ಯ ಹೈಟಿಯ ಜೆರೆಮಿ ಸುತ್ತಿನ ಹಳ್ಳಿಗಳನ್ನು ಹಿಡಿದಿದ್ದೇನೆ. 2016ರಲ್ಲಿ ಮ್ಯಾಥ್ಯೂ ಹಾಳುಗೆಡವಿದ ಕಡೆ ಅದು. ನಿಮಗೂ ಮಾಡಬೇಕು ಅನ್ನಿಸಿದರೆ ಒಂದು ಲ್ಯಾಪ್‌ಟಾಪ್, ಒಂದು ಮೌಸ್ ಇದ್ದರೆ ಸಾಕು. ಓಪನ್‌ಸ್ಟ್ರೀಟ್‌ಮ್ಯಾಪ್ ಖಾತೆಗೆ ದುಡ್ಡು ಕೊಡಬೇಕಿಲ್ಲ. ಮೊದಲ ಚೌಕ ಮುಗಿಸಿದ ಮೇಲೆ, ಪರೀಕ್ಷೆ ಮಾಡುವವರ ಉತ್ತರ ಓದಿಕೊಂಡು ಎರಡನೆಯದಕ್ಕೆ ಹೋಗಿ.