ಇ-ಸೈಕಲ್ ಬ್ಯಾಟರಿಯಿಂದ ಎಷ್ಟು ಆಂಪ್ ಎಳೆಯಬಹುದು?

ಸೈಕಲ್ಲಿಗೆ 48 ವೋಲ್ಟ್ ಕಿಟ್ ಕೂರಿಸುವವರಲ್ಲಿ ಬಹಳಷ್ಟು ಮಂದಿ ಮೋಟರ್ ಮೇಲಿನ ‘250 ವ್ಯಾಟ್’ ನೋಡಿ, ಅಗ್ಗಕ್ಕೆ ಸಿಕ್ಕ ಸಣ್ಣ ಬ್ಯಾಟರಿ ಜೋಡಿಸಿಬಿಡುತ್ತಾರೆ. ಕೆಲವೇ ತಿಂಗಳಲ್ಲಿ, ಡಿಸ್‌ಪ್ಲೇಯಲ್ಲಿ ಚಾರ್ಜ್ ಇನ್ನೂ ಅರ್ಧ ಕಾಣುತ್ತಿರುವಾಗಲೇ, ಏರಿನ ನಡುವೆ ಸೈಕಲ್ ನಿಂತುಬಿಡುತ್ತದೆ.

1. ಬ್ಯಾಟರಿಗೂ ಮೋಟರಿಗೂ ನಡುವಿನ ಪೆಟ್ಟಿಗೆಯಾದ ಕಂಟ್ರೋಲರಿನ ಲೇಬಲ್ ಓದಿ. ಬ್ಯಾಟರಿಯಿಂದ ಗರಿಷ್ಠ ಎಷ್ಟು ಕರೆಂಟ್ ಎಳೆಯಬೇಕೆಂದು ನಿರ್ಧರಿಸುವುದು ಅದೇ. 15 ಆಂಪ್ ಎಂದಿದ್ದರೆ 48×15, ಅಂದರೆ 720 ವ್ಯಾಟ್. ಏರಿನಲ್ಲಿ ಥ್ರಾಟಲ್ ಪೂರ್ತಿ ತಿರುಗಿಸಿದಾಗ 250ರ ಮೋಟರ್ ಹೀರುವುದು ಇಷ್ಟು.

2. ಒಂದು ಸೆಲ್ಲಿನ ಪಾಲು ಲೆಕ್ಕ ಹಾಕಿ. ಎಲ್ಲರೂ ಹಾರಿಸಿಬಿಡುವ ಹಂತ ಇದು. 48 ವೋಲ್ಟ್ ಪ್ಯಾಕಿನಲ್ಲಿ ಸಾಮಾನ್ಯವಾಗಿ 13 ಗುಂಪುಗಳು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು, ಇರುತ್ತವೆ. ಗುಂಪಿನೊಳಗಿನ ಸೆಲ್‌ಗಳು ಪ್ಯಾರಲಲ್, ಅಂದರೆ ಕರೆಂಟನ್ನು ತಮ್ಮಲ್ಲಿ ಹಂಚಿಕೊಳ್ಳುತ್ತವೆ. ಗುಂಪಿಗೆ 3 ಸೆಲ್ ಇದ್ದರೆ 15 ಆಂಪ್‌ನಲ್ಲಿ ಪ್ರತಿ ಸೆಲ್ಲಿನ ಪಾಲು 5, ನಾಲ್ಕಿದ್ದರೆ 3.75.

ಈಗ ಸೆಲ್ಲಿನ ಹೆಸರು ಕೇಳಿ. 18650 (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ) ಅಳತೆಯಲ್ಲೇ ಸ್ಯಾಮ್‌ಸಂಗ್ 35ಇ ಸೆಲ್ 3.5 ಆಂಪ್ ಅವರ್ ಹಿಡಿಯುತ್ತದೆ, ಆದರೆ ಸತತ ಮಿತಿ 8 ಆಂಪ್. 25ಆರ್ ಹಿಡಿಯುವುದು 2.5 ಮಾತ್ರ, ಮಿತಿ 20. ಆ ಮಿತಿಯ ಅರ್ಧಕ್ಕಿಂತ ಮೇಲೆ ಹೋಗಲೇಬೇಡಿ. 35ಇ ಆದರೆ ಸೆಲ್ಲಿಗೆ 4 ಆಂಪ್, ಅಂದರೆ 15 ಆಂಪ್ ಕಂಟ್ರೋಲರಿಗೆ ಗುಂಪಿಗೆ ನಾಲ್ಕು ಸೆಲ್ ಬೇಕೇ ಬೇಕು.

ಇಷ್ಟು ಬಿಗಿ ಏಕೆಂದರೆ, ಕರೆಂಟ್ ಎರಡು ಪಟ್ಟಾದರೆ ಸೆಲ್ಲಿನೊಳಗೆ ಹುಟ್ಟುವ ಬಿಸಿ ನಾಲ್ಕು ಪಟ್ಟಾಗುತ್ತದೆ. ಅಂಚಿನ ಸೆಲ್ ಹೇಗೋ ತಣಿಯುತ್ತದೆ, ನಡುವೆ ಸಿಕ್ಕಿಕೊಂಡದ್ದು ತಣಿಯುವುದಿಲ್ಲ. ಅದಕ್ಕೇ ಮೊದಲು ವಯಸ್ಸಾಗುತ್ತದೆ. ಲೋಡ್ ಬಿದ್ದಾಗ ಆ ಗುಂಪಿನ ವೋಲ್ಟೇಜ್ ಕುಸಿಯುತ್ತದೆ, ಉಳಿದ 12 ಗುಂಪುಗಳಲ್ಲಿ ಚಾರ್ಜ್ ಇದ್ದರೂ ಬಿಎಂಎಸ್ (ಪ್ಯಾಕನ್ನು ಕಾಯುವ ಒಳಗಿನ ಸರ್ಕ್ಯೂಟ್ ಬೋರ್ಡು) ಇಡೀ ಪ್ಯಾಕನ್ನು ಕಟ್ ಮಾಡುತ್ತದೆ. ಏರಿನಲ್ಲಿ ಸೈಕಲ್ ನಿಲ್ಲುವುದು ಹೀಗೆ.

ಸೆಲ್ ಯಾವುದೆಂದು ಮಾರುವವರಿಗೇ ಗೊತ್ತಿಲ್ಲದಿದ್ದರೆ 10 ಆಂಪ್ ಅವರ್ ಪ್ಯಾಕಿನಿಂದ 10 ಆಂಪ್‌ಗಿಂತ ಹೆಚ್ಚು ಎಳೆಯಬೇಡಿ. 18650 ಸೆಲ್ ಮೇಲೆ 9900 ಮಿಲಿಆಂಪ್ ಅವರ್ ಎಂದು ಅಚ್ಚಾಗಿದ್ದರೆ ಅದು ಶುದ್ಧ ಸುಳ್ಳು, ಮುಟ್ಟಬೇಡಿ. ‘ಬಿಎಂಎಸ್ 30 ಆಂಪ್ ಇದೆ’ ಎಂಬ ಮಾತಿಗೂ ಮರುಳಾಗಬೇಡಿ. ಅದು ಆ ಬೋರ್ಡಿನ ತಾಕತ್ತು, ಸೆಲ್‌ಗಳದ್ದಲ್ಲ.

ಪಿಕಪ್ ಹೆಚ್ಚಿಸಲು ಕಂಟ್ರೋಲರಿನಲ್ಲಿ ಕರೆಂಟ್ ಅಳೆಯಲು ಬಳಸುವ ಶಂಟ್ ತಂತಿಯ ಮೇಲೆ ಬೆಸುಗೆ ಹಚ್ಚುವ ಅಡ್ಡದಾರಿಯೊಂದಿದೆ. ಕಂಟ್ರೋಲರಿಗೆ ತಾನೆಷ್ಟು ಎಳೆಯುತ್ತಿದ್ದೇನೆಂದು ತಿಳಿಯದಂತೆ ಮಾಡುವ ಕೆಲಸ ಅದು. ದಯವಿಟ್ಟು ಮಾಡಿಸಬೇಡಿ.

3. ಏರಿನಲ್ಲಿ ವೋಲ್ಟೇಜ್ ಪರೀಕ್ಷಿಸಿ. ‘48’ ಎಂಬುದು ಹೆಸರಿಗೆ, ತುಂಬಿದ ಪ್ಯಾಕಿನಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ. ನಿಂತಾಗ 52 ವೋಲ್ಟ್ ಇದ್ದದ್ದು ಪೂರ್ತಿ ಥ್ರಾಟಲ್‌ನಲ್ಲಿ 48-49ಕ್ಕೆ ಇಳಿದರೆ ಸರಿ. 46ಕ್ಕೂ ಕೆಳಗೆ ಹೋದರೆ ಪ್ಯಾಕ್ ಆ ಭಾರಕ್ಕೆ ಸಾಲದು, ಅಥವಾ ಒಂದು ಗುಂಪು ಸೋತಿದೆ. ಸೈಕಲ್ಲಿನಿಂದ ಇಳಿದ ತಕ್ಷಣ ಬ್ಯಾಟರಿ ಕನೆಕ್ಟರ್ ಮುಟ್ಟಿ ನೋಡಿ. ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಬದಲಿಸಿ.

4. ಪ್ಯಾಕ್ ಸಾಲದಿದ್ದರೆ ಕರೆಂಟ್ ಮಿತಿ ಇಳಿಸಿ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸೌಲಭ್ಯವಿದ್ದರೆ 15ರಿಂದ 12ಕ್ಕೆ ತನ್ನಿ. ಇಲ್ಲವೇ ಏರಿನಲ್ಲಿ ಪೆಡಲ್ ತುಳಿಯಿರಿ.

5. ಚಾರ್ಜಿಂಗ್. 13 ಗುಂಪಿನ ಲಿಥಿಯಂ ಅಯಾನ್ ಪ್ಯಾಕಿಗೆ 54.6 ವೋಲ್ಟ್ ಚಾರ್ಜರ್ ಮಾತ್ರ. ಮನೆಯಲ್ಲಿರುವ ಹಳೆಯ ಲೆಡ್ ಆಸಿಡ್ ಸ್ಕೂಟರಿನ ಚಾರ್ಜರಿಗೂ ‘48 ವೋಲ್ಟ್’ ಎಂದೇ ಹೆಸರು, ಆದರೆ ಅದು 58-59ರವರೆಗೆ ಏರುತ್ತದೆ. ಅದನ್ನು ಚುಚ್ಚಿದರೆ ಬೆಂಕಿಗೂ ಪ್ಯಾಕಿಗೂ ನಡುವೆ ಉಳಿಯುವುದು ಬಿಎಂಎಸ್ ಒಂದೇ.

ಸವಾರಿ ಮುಗಿಸಿ ಅರ್ಧ ಗಂಟೆ ಆರಲು ಬಿಟ್ಟು ಚಾರ್ಜಿಗೆ ಹಾಕಿ. ದಿನದ ಓಡಾಟಕ್ಕೆ 53 ವೋಲ್ಟ್ ಸುಮಾರಿಗೆ ನಿಲ್ಲಿಸಿದರೆ ಆಯಸ್ಸು ಹೆಚ್ಚು; ತಿಂಗಳಿಗೊಮ್ಮೆ ಪೂರ್ತಿ ತುಂಬಿಸಿ, ಹೆಚ್ಚಿನ ಬಿಎಂಎಸ್‌ಗಳು ಗುಂಪುಗಳನ್ನು ಸರಿದೂಗಿಸುವುದು ಆಗಲೇ. ಮಳೆಗಾಲದಲ್ಲಿ ಸೈಕಲ್ ಮೂಲೆ ಸೇರುವುದಾದರೆ 48 ವೋಲ್ಟ್‌ನಲ್ಲಿ ಇಡಿ, ಖಾಲಿ ಮಾಡಿ ಇಡಬೇಡಿ. ಉಬ್ಬಿದ, ಬಿದ್ದು ಜಜ್ಜಿದ, ಸಿಹಿಯಾದ ರಾಸಾಯನಿಕ ವಾಸನೆ ಬರುವ ಪ್ಯಾಕನ್ನು ಚಾರ್ಜಿಗೆ ಹಾಕಲೇಬೇಡಿ. ರಾತ್ರಿ ಮಲಗಿದ ಮೇಲೆ ಚಾರ್ಜ್ ಬೇಡ, ಮೆಟ್ಟಿಲ ಕೆಳಗೆ, ಬಾಗಿಲ ಪಕ್ಕದಲ್ಲಂತೂ ಬೇಡವೇ ಬೇಡ: ಹೊತ್ತಿಕೊಂಡರೆ ಮನೆಯವರು ಓಡಬೇಕಾದ ದಾರಿ ಅದೇ.